ಮನೆ ನೋಡುವ ಮೊದಲು ಹುಣಸೆ ಬೀಜ ಎಣಿಸಿ: ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಆದ್ಯತೆ ಗೊತ್ತುಮಾಡಿಕೊಳ್ಳುವ ಬಗೆ

ಮೂರು ತಿಂಗಳಲ್ಲಿ ನಾವು ಇಪ್ಪತ್ತೇಳು ಮನೆ ನೋಡಿದ್ದೆವು. ಶನಿವಾರ, ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನದ ಊಟ ಯಾವುದೋ ದರ್ಶಿನಿಯಲ್ಲಿ, ಮನೆಗೆ ಬರುವಷ್ಟರಲ್ಲಿ ಕತ್ತಲೆ. ಇಪ್ಪತ್ತೇಳನೆಯದನ್ನು ನೋಡಿ ಬಂದ ರಾತ್ರಿ ಅತ್ತೆ ಕೇಳಿದರು: "ಅಲ್ಲಮ್ಮಾ, ಮೊದಲನೇ ದಿನ ನೋಡಿದ್ರಲ್ಲ, ಆ ಮನೆ ಹೇಗಿತ್ತು?" ನನಗೂ ನೆನಪಾಗಲಿಲ್ಲ, ನಮ್ಮ ಯಜಮಾನರಿಗೂ ನೆನಪಾಗಲಿಲ್ಲ. ಫೋನಿನಲ್ಲಿ ನಾನೂರು ಫೋಟೊ ಇದ್ದವು. ಯಾವ ಅಡುಗೆಮನೆ ಯಾವ ಮನೆಯದು ಎಂದು ಇಬ್ಬರಿಗೂ ತಿಳಿಯಲಿಲ್ಲ.

ಪಟ್ಟಿ ಮಾಡಿರಲಿಲ್ಲ ಎಂದಲ್ಲ. ಹತ್ತೊಂಬತ್ತು ಅಂಶದ ಪಟ್ಟಿ ಇತ್ತು. ಮೂರು ರೂಮು, ಮೆಟ್ರೊ, ಕಾವೇರಿ ನೀರು, ಪೂರ್ವದ ಬಾಗಿಲು, ಎರಡು ಬಾಲ್ಕನಿ, ಈಜುಕೊಳ, ಮುಚ್ಚಿದ ಪಾರ್ಕಿಂಗ್ ಹೀಗೆ. ಹತ್ತೊಂಬತ್ತರ ಮುಂದೆಯೂ "ಬೇಕೇ ಬೇಕು" ಎಂದು ಬರೆದಿದ್ದೆವು. ಎಲ್ಲವೂ ಬೇಕೇ ಬೇಕು ಅಂದಾಗ ಯಾವುದಕ್ಕೂ ಆದ್ಯತೆ ಕೊಟ್ಟಂತಾಗುವುದಿಲ್ಲ. ಯಾವುದಕ್ಕಾಗಿ ಯಾವುದನ್ನು ಬಿಡಲು ಒಪ್ಪುತ್ತೇವೆ ಎಂದು ಮನೆಮಂದಿಯೆಲ್ಲ ಕೂತು ತೀರ್ಮಾನಿಸಿದಾಗಲೇ ಆದ್ಯತೆ ಗೊತ್ತಾಗುವುದು. ಅದನ್ನು ಮನೆ ನೋಡಲು ಹೊರಡುವ ಮೊದಲೇ ಮಾಡಬೇಕು. ಒಂದು ಚಂದದ ಹಾಲ್ ಕಣ್ಣಿಗೆ ಬಿದ್ದ ಮೇಲೆ ಮನಸ್ಸು ಆ ಮನೆಯ ವಕಾಲತ್ತು ವಹಿಸಲು ಶುರುಮಾಡುತ್ತದೆ.

ನಾವು ವಿಜಯನಗರದಲ್ಲಿ ಬಾಡಿಗೆಗಿದ್ದವರು. ಯಜಮಾನರ ಕೆಲಸ ಎಲೆಕ್ಟ್ರಾನಿಕ್ ಸಿಟಿಯಲ್ಲಿ, ನನ್ನದು ಮಲ್ಲೇಶ್ವರದಲ್ಲಿ. ಮಗಳು ಏಳನೇ ಕ್ಲಾಸು. ಅತ್ತೆಗೆ ಎರಡೂ ಮಂಡಿ ನೋವು. ಕೆಳಗಿನ ಲೆಕ್ಕಗಳೆಲ್ಲ 2025ರವು. ಮೊತ್ತಗಳು ನಿಮ್ಮವು ಬೇರೆ ಇರುತ್ತವೆ, ಕ್ರಮ ಮಾತ್ರ ಇದೇ ಇಟ್ಟುಕೊಳ್ಳಿ.

ಒಂದು: ಬ್ಯಾಂಕ್ ಎಷ್ಟು ಕೊಡುತ್ತದೆ ಎಂದಲ್ಲ, ನಾವೆಷ್ಟು ತಾಳುತ್ತೇವೆ ಎಂದು ನೋಡುವುದು

ಸಂಬಳದ ಚೀಟಿ ನೋಡಿ ಬ್ಯಾಂಕಿನವರು ನಮಗೆ 60 ಲಕ್ಷ ಸಾಲ ಸಿಗುತ್ತದೆ ಎಂದರು. ಶೇ 8.5 ಬಡ್ಡಿ, 20 ವರ್ಷದ ಅವಧಿ ಹಿಡಿದರೆ ಲಕ್ಷಕ್ಕೆ ತಿಂಗಳಿಗೆ ಸುಮಾರು 868 ರೂಪಾಯಿ ಕಂತು. 60 ಲಕ್ಷಕ್ಕೆ 52 ಸಾವಿರ ದಾಟುತ್ತದೆ. ಅದರ ಮೇಲೆ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ 4,500 ಸೇರಿಸಿದೆವು. ನಮ್ಮ ಬಾಡಿಗೆ 22 ಸಾವಿರ. ಅಂದರೆ ಈಗ ಖರ್ಚಾಗುತ್ತಿರುವುದಕ್ಕಿಂತ ತಿಂಗಳಿಗೆ 34,500 ಹೆಚ್ಚು ಬೇಕು.

ಕಾಗದದ ಮೇಲೆ ಆಗುತ್ತಿತ್ತು. ನಿಜವಾಗಿ ಆಗುತ್ತದೆಯೇ ಎಂದು ನೋಡಲು ಅಷ್ಟನ್ನೇ ಬ್ಯಾಂಕಿನಲ್ಲಿ ತಿಂಗಳ ಕಂತಿನ ಠೇವಣಿ, ಅಂದರೆ ಆರ್‌ಡಿ ಕಟ್ಟಲು ಶುರುಮಾಡಿದೆವು, ಪ್ರತಿ ತಿಂಗಳು 5ನೇ ತಾರೀಕು. ಏಪ್ರಿಲ್ ಆಯಿತು, ಮೇ ಆಯಿತು. ಜೂನ್‌ನಲ್ಲಿ ಶಾಲೆಯ ಫೀಸು ಬಂತು, ಕಂತು ತಪ್ಪಿತು. ಮತ್ತೆ ಲೆಕ್ಕ ಹಾಕಿದಾಗ ನಮ್ಮ ನಿಜವಾದ ಶಕ್ತಿ ತಿಂಗಳಿಗೆ 28 ಸಾವಿರ ಹೆಚ್ಚುವರಿ ಎಂದು ತಿಳಿಯಿತು. ಹಿಂದಕ್ಕೆ ಲೆಕ್ಕ ಮಾಡಿದರೆ ಸಾಲ 52 ಲಕ್ಷ, ಕಂತು ಸುಮಾರು 45,100. ಮನೆ ಕೊಳ್ಳುವ ಯೋಚನೆ ಇರುವವರಿಗೆಲ್ಲ ನಾನು ಮೊದಲು ಹೇಳುವುದು ಈ ಆರ್‌ಡಿ ಪರೀಕ್ಷೆಯನ್ನೇ. ಆರು ತಿಂಗಳು ಕಟ್ಟಿ ನೋಡಿ, ಶಾಲೆ ಶುರುವಾಗುವ ತಿಂಗಳು ಅದರೊಳಗೆ ಬರುವ ಹಾಗೆ.

ಇನ್ನು ಕೈಯಿಂದ ಹಾಕುವ ಹಣ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದವರೆಗಿನ ಸಾಲವಾದರೆ ಮನೆಯ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲವಾದರೆ ಶೇ 80ರವರೆಗೆ, ಅದಕ್ಕೂ ಮೇಲಾದರೆ ಶೇ 75ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ನೋಂದಣಿ ಖರ್ಚು ಈ ಬೆಲೆಯಲ್ಲಿ ಸೇರುವುದಿಲ್ಲ, ಅದು ಪೂರ್ತಿ ನಮ್ಮ ಕೈಯಿಂದಲೇ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಸೆಸ್ಸು ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6. ನೀವು ಕೊಟ್ಟ ಬೆಲೆ ಮತ್ತು ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರ, ಎರಡರಲ್ಲಿ ಹೆಚ್ಚಿನದರ ಮೇಲೆ ಇದನ್ನು ಲೆಕ್ಕ ಹಾಕುತ್ತಾರೆ. ಇನ್ನೂ ಕಟ್ಟುತ್ತಿರುವ ಫ್ಲಾಟ್ ಆದರೆ ಶೇ 5 ಜಿಎಸ್‌ಟಿ ಬೇರೆ. 45 ಲಕ್ಷದೊಳಗಿನ ಸಣ್ಣ ಮನೆಗಳಿಗೆ ಶೇ 1. ಕಟ್ಟಿ ಮುಗಿದು ಪ್ರಮಾಣಪತ್ರ ಬಂದ ಮನೆಗೆ ಜಿಎಸ್‌ಟಿ ಇಲ್ಲ.

ನಮ್ಮ ಉಳಿತಾಯ 24 ಲಕ್ಷ ಇತ್ತು. ನೋಂದಣಿಗೆ 5 ಲಕ್ಷದಷ್ಟು, ಬೀರು, ಬಣ್ಣ, ಸಾಗಾಟಕ್ಕೆ 3 ಲಕ್ಷ ತೆಗೆದಿಟ್ಟರೆ ಉಳಿದದ್ದು 16. ಸಾಲದ 52 ಸೇರಿ 68 ಲಕ್ಷ. ಅದನ್ನು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆವು. "ಇನ್ನೊಂದು ಐದು ಲಕ್ಷ ಹಾಕಿದ್ರೆ ಎಂಥಾ ಮನೆ ಸಿಗುತ್ತೆ ನೋಡಿ ಮೇಡಂ" ಎನ್ನದ ಬ್ರೋಕರ್ ನಮಗೆ ಸಿಗಲಿಲ್ಲ. ಆ ಹಾಳೆ ಇಲ್ಲದಿದ್ದರೆ ನಾವು ಖಂಡಿತ ಹಾಕಿಬಿಡುತ್ತಿದ್ದೆವು.

ಎರಡು: ಮನೆಯನ್ನು ಬರೆಯಬೇಡಿ, ಒಂದು ದಿನವನ್ನು ಬರೆಯಿರಿ

ಎಂಥ ಮನೆ ಬೇಕು ಎಂದು ಕೇಳಿದರೆ ಜಾಹೀರಾತಿನಲ್ಲಿ ನೋಡಿದ್ದನ್ನೇ ಎಲ್ಲರೂ ಬರೆಯುತ್ತಾರೆ. ಅದರ ಬದಲು ಮನೆಯ ಪ್ರತಿಯೊಬ್ಬರೂ, ಬೇರೆಬೇರೆ ಹಾಳೆಯಲ್ಲಿ, ಒಬ್ಬರದ್ದನ್ನು ಇನ್ನೊಬ್ಬರು ನೋಡದೆ, ತಮ್ಮ ಒಂದು ಮಂಗಳವಾರವನ್ನು ಬರೆಯಲಿ. ಎದ್ದಾಗಿನಿಂದ ಮಲಗುವವರೆಗೆ. ಎಷ್ಟು ಹೊತ್ತಿಗೆ ನೀರು ಬೇಕು, ಎಲ್ಲಿ ಕೂರುತ್ತೀರಿ, ಎಲ್ಲಿಗೆ ನಡೆದುಕೊಂಡು ಹೋಗುತ್ತೀರಿ, ಯಾವ ಹೊತ್ತಿನಲ್ಲಿ ಸುಸ್ತಾಗುತ್ತದೆ.

ಅತ್ತೆಗೆ ಬರೆಯುವುದು ಬೇಸರ, ಅವರು ಹೇಳಿದ್ದನ್ನು ಮಗಳು ಬರೆದುಕೊಂಡಳು. ಬೆಳಗ್ಗೆ ತರಕಾರಿ ಗಾಡಿ ಬಂದಾಗ ಕೆಳಗಿಳಿಯುತ್ತಾರೆ. ಮತ್ತೆ ಹಾಲಿಗೆ. ಸಂಜೆ ದೇವಸ್ಥಾನಕ್ಕೆ. ಒಟ್ಟು ದಿನಕ್ಕೆ ಮೂರು ಸಲ ಇಳಿದು ಹತ್ತುತ್ತಾರೆ. ನಮ್ಮ ಹತ್ತೊಂಬತ್ತು ಅಂಶಗಳಲ್ಲಿ "ಎಷ್ಟನೇ ಮಹಡಿ" ಎಂಬುದೇ ಇರಲಿಲ್ಲ! ಲಿಫ್ಟ್ ಇರುತ್ತದಲ್ಲ ಎಂದುಕೊಂಡಿದ್ದೆವು. ಲಿಫ್ಟ್ ರಿಪೇರಿಗೆ ನಿಂತ ದಿನ ಏಳನೇ ಮಹಡಿಯಲ್ಲಿ ಅವರು ಏನು ಮಾಡಬೇಕು ಎಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ.

ಯಜಮಾನರ ಹಾಳೆಯಲ್ಲಿ ಅರ್ಧ ದಿನ ರಸ್ತೆಯಲ್ಲೇ ಇತ್ತು. ಹೋಗುವಾಗ 40 ನಿಮಿಷ, ಬರುವಾಗ 40 ನಿಮಿಷ ಉಳಿದರೆ ತಿಂಗಳ 22 ಕೆಲಸದ ದಿನಕ್ಕೆ 29 ಗಂಟೆ. ಮಗಳು ಬರೆದಿದ್ದಳು: "ರಾತ್ರಿ ಓದುವಾಗ ಟಿವಿ ಶಬ್ದ ಕೇಳಿಸದ ಜಾಗ." ಅವಳು ಕೇಳಿದ್ದು ರೂಮನ್ನಲ್ಲ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆಯನ್ನು. ಮೂರನೇ ರೂಮಿಗಾಗಿ ಹತ್ತಾರು ಲಕ್ಷ ಹೆಚ್ಚು ಕೊಡಲು ನಾವು ಹೊರಟಿದ್ದದ್ದು ಅವಳ ಹೆಸರು ಹೇಳಿಕೊಂಡೇ.

ಮೂರು: ಬೀಜ ಹಂಚುವುದು

ಹಾಳೆಗಳನ್ನೆಲ್ಲ ಒಟ್ಟಿಗಿಟ್ಟು ಓದಿದಾಗ ಹತ್ತೊಂಬತ್ತು ಅಂಶ ಒಂಬತ್ತಕ್ಕೆ ಇಳಿಯಿತು. ಒಂಬತ್ತನ್ನೂ ಒಂದೊಂದು ಚೀಟಿಯಲ್ಲಿ ಬರೆದು ನೆಲದ ಮೇಲೆ ಸಾಲಾಗಿ ಇಟ್ಟೆವು. ಒಬ್ಬೊಬ್ಬರಿಗೂ ಇಪ್ಪತ್ತು ಹುಣಸೆ ಬೀಜ. ಯಾವುದು ಎಷ್ಟು ಮುಖ್ಯವೋ ಆ ಚೀಟಿಯ ಮೇಲೆ ಅಷ್ಟು ಬೀಜ ಇಡಬೇಕು. ಬೀಜ ಮುಗಿದರೆ ಮುಗಿಯಿತು. ಇನ್ನೊಂದು ಚೀಟಿಗೆ ಬೇಕೆಂದರೆ ಮೊದಲಿಟ್ಟ ಕಡೆಯಿಂದಲೇ ತೆಗೆಯಬೇಕು.

ತೆಗೆಯಬೇಕಾಗಿ ಬಂದಾಗಲೇ ನಿಜ ಹೊರಗೆ ಬರುವುದು. ಪೂರ್ವದ ಬಾಗಿಲಿನ ಚೀಟಿಯ ಮೇಲೆ ಅತ್ತೆ ಮೊದಲು ಏಳು ಬೀಜ ಇಟ್ಟರು. ಮಹಡಿಯ ಚೀಟಿ ನೋಡಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಐದನ್ನು ತೆಗೆದು ಅಲ್ಲಿಗಿಟ್ಟರು. "ದೇವರ ಮನೆ ಪೂರ್ವಕ್ಕಿದ್ರೆ ಸಾಕು ಬಿಡು, ಬಾಗಿಲು ಯಾವ ಕಡೆ ಇದ್ರೂ ನಡೆಯುತ್ತೆ" ಅಂದರು. ವಾಸ್ತುವಿನ ವಿಷಯವನ್ನು ಹೀಗೆ ಮೊದಲೇ ಮಾತಾಡಿಕೊಳ್ಳುವುದು ಬಹಳ ಮುಖ್ಯ. ನಂಬುವವರಿಗೆ ಅದು ನೆಮ್ಮದಿಯ ಪ್ರಶ್ನೆ, ಅವರ ಮಾತನ್ನು ತಳ್ಳಿಹಾಕಬಾರದು. ಯಾವುದಿದ್ದರೆ ಸಾಕು, ಯಾವುದು ಇದ್ದರೆ ಆಗುವುದೇ ಇಲ್ಲ ಎಂದು ಕೇಳಿ ಬರೆದುಕೊಳ್ಳಿ. ಟೋಕನ್, ಅಂದರೆ ಮನೆ ಹಿಡಿದಿಡಲು ಕೊಡುವ ಮುಂಗಡ, ಕೊಡುವ ದಿನ ಆ ಮಾತು ಎದ್ದರೆ ಮನೆಯೂ ತಪ್ಪುತ್ತದೆ, ಮನಸ್ಸೂ ಕೆಡುತ್ತದೆ.

ಒಟ್ಟು ಎಂಬತ್ತು ಬೀಜದಲ್ಲಿ ಓಡಾಟಕ್ಕೆ 21, ನೀರಿಗೆ 17, ಮಹಡಿಗೆ 14, ಗಾಳಿ ಬೆಳಕಿಗೆ 11, ಮಗಳ ಮೂಲೆಗೆ 8, ಪಾರ್ಕಿಂಗ್‌ಗೆ 4, ಮೂರನೇ ರೂಮಿಗೆ 3, ಪೂರ್ವದ ಬಾಗಿಲಿಗೆ 2. ಈಜುಕೊಳದ ಚೀಟಿ ಖಾಲಿ. ಮೂರು ತಿಂಗಳು ನಾವು ಈಜುಕೊಳವಿದ್ದ ಅಪಾರ್ಟ್‌ಮೆಂಟುಗಳನ್ನೇ ಹೆಚ್ಚು ನೋಡಿದ್ದೆವು.

ಮಗುವಿಗೂ ಇಪ್ಪತ್ತು ಬೀಜ, ಸಾಲ ಕಟ್ಟುವವರಿಗೂ ಇಪ್ಪತ್ತೇ ಎಂಬುದನ್ನು ಕೆಲವರು ಒಪ್ಪಲಿಕ್ಕಿಲ್ಲ. ನನ್ನ ಅಭಿಪ್ರಾಯದಲ್ಲಿ ಹಣದ ಮಿತಿ ಸಾಲ ಕಟ್ಟುವವರ ತೀರ್ಮಾನ, ಬದುಕುವ ರೀತಿ ಎಲ್ಲರ ತೀರ್ಮಾನ.

ಮೊದಲ ನಾಲ್ಕನ್ನು "ಬಿಡಲಾಗದ್ದು" ಎಂದು ಇಟ್ಟುಕೊಂಡೆವು. ಆರೇಳು ಇಟ್ಟುಕೊಂಡರೆ ಸಾಮಾನ್ಯ ಬಜೆಟ್ಟಿಗೆ ಮನೆಯೇ ಸಿಗುವುದಿಲ್ಲ. ಐದು ಆರನೆಯವು ಚೌಕಾಸಿಗೆ. ಉಳಿದದ್ದು ಸಿಕ್ಕರೆ ಸಂತೋಷ, ಅಷ್ಟೇ.

ಆಮೇಲೆ ನಾಲ್ಕನ್ನೂ ಅಳತೆಗೆ ಸಿಗುವ ಮಾತಿನಲ್ಲಿ ಬರೆದುಕೊಳ್ಳಬೇಕು. "ಮೆಟ್ರೊ ಹತ್ತಿರ" ಎಂದರೆ ಬ್ರೋಕರ್ ಪ್ರಕಾರ ಐದು ಕಿಲೋಮೀಟರೂ ಹತ್ತಿರವೇ. ನಾವು ಬರೆದದ್ದು "ನಿಲ್ದಾಣಕ್ಕೆ ನಡೆದು 15 ನಿಮಿಷದೊಳಗೆ". ಮಹಡಿ: "ಎರಡನೆಯದಕ್ಕಿಂತ ಮೇಲೆ ಬೇಡ". ಬೆಳಕು: "ಬೆಳಗ್ಗೆ 11ಕ್ಕೆ ಲೈಟ್ ಹಾಕದೆ ಅಡುಗೆಮನೆಯಲ್ಲಿ ಅಕ್ಕಿ ಆರಿಸಲು ಆಗಬೇಕು". ಓಡಾಟದ ವಿಷಯದಲ್ಲಿ ನಮಗೆ ಒಂದು ಅನುಕೂಲವಾಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾಯಿತು. ಕನಕಪುರ ರಸ್ತೆಯ ಉದ್ದಕ್ಕೂ ಹಸಿರು ಮಾರ್ಗ ಮೊದಲೇ ಇತ್ತು. ಅಲ್ಲಿ ಹತ್ತಿದರೆ ನಾನು ನೇರ ಮಲ್ಲೇಶ್ವರದ ಕಡೆಗೆ, ಅವರು ಆರ್.ವಿ. ರಸ್ತೆಯಲ್ಲಿ ಬದಲಾಯಿಸಿ ಎಲೆಕ್ಟ್ರಾನಿಕ್ ಸಿಟಿಗೆ. ಹಾಗಾಗಿ ಕೋಣನಕುಂಟೆ ಕ್ರಾಸ್, ದೊಡ್ಡಕಲ್ಲಸಂದ್ರ, ವಾಜರಹಳ್ಳಿ ಈ ಮೂರು ನಿಲ್ದಾಣದ ಸುತ್ತ ಬಿಟ್ಟು ಬೇರೆಲ್ಲೂ ಹುಡುಕಬೇಕಿರಲಿಲ್ಲ. ಮುಂದೆ ಬರಲಿರುವ ಮೆಟ್ರೊ ನಂಬಿ ಇವತ್ತು ಹೆಚ್ಚು ಬೆಲೆ ಕೊಡಬೇಡಿ. ಓಡುತ್ತಿರುವ ರೈಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಕಾಗದಪತ್ರಕ್ಕೆ ಬೀಜ ಇಲ್ಲ

ಕಾಗದಪತ್ರ ಪಟ್ಟಿಯಲ್ಲಿ ಸೇರುವುದೇ ಇಲ್ಲ. ಅದು ಹೊಸಿಲು. ದಾಟದ ಮನೆಯ ಉಳಿದ ಗುಣಗಳನ್ನು ನೋಡಲೇಬಾರದು. "ಬೆಳಕು ತುಂಬಾ ಚೆನ್ನಾಗಿದೆ, ಓಸಿ ಮಾತ್ರ ಇಲ್ಲ" ಎನ್ನುವ ತೂಗಾಟ ಮನಸ್ಸಿನಲ್ಲಿ ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಓಸಿ ಎಂದರೆ ಕಟ್ಟಡ ಮಂಜೂರಾದ ನಕ್ಷೆಯಂತೆ ಇದೆ, ವಾಸಿಸಬಹುದು ಎಂದು ಕೊಡುವ ಪ್ರಮಾಣಪತ್ರ.

ಬೆಂಗಳೂರಿನ ಫ್ಲಾಟಿಗೆ ನಾನು ಹೊಸಿಲಿನಲ್ಲೇ ಕೇಳುವುದು ಇಷ್ಟು. ಮೂಲಪತ್ರದಿಂದ ಇವತ್ತಿನವರೆಗಿನ ಕ್ರಯಪತ್ರಗಳ ಸರಣಿ. ಕನಿಷ್ಠ 30 ವರ್ಷದ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಇದನ್ನು ಮಾರುವವರು ಕೊಟ್ಟ ಜೆರಾಕ್ಸ್‌ನಲ್ಲಿ ನೋಡದೆ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಿ ತೆಗೆಸಿ. ಕೃಷಿ ಜಮೀನಾಗಿದ್ದರೆ ಭೂಪರಿವರ್ತನೆ ಆದೇಶ. ಮಂಜೂರಾದ ನಕ್ಷೆ. ಓಸಿ. ಇ-ಖಾತಾ. ಕಟ್ಟಿದ ತೆರಿಗೆ ರಸೀದಿ. ಖಾತಾ ಎನ್ನುವುದು ತೆರಿಗೆಯ ದಾಖಲೆ, ಅದೊಂದೇ ಮಾಲೀಕತ್ವಕ್ಕೆ ಆಧಾರವಲ್ಲ. "ಖಾತಾ ಇದೆಯಲ್ಲ" ಎಂಬ ಮಾತಿಗೆ ಸಮಾಧಾನಗೊಳ್ಳಬೇಡಿ. ಬಿ ಖಾತಾ, ಅಂದರೆ ನಿಯಮ ಪೂರೈಸದ ಆಸ್ತಿಯ ಖಾತಾ, ಇರುವುದನ್ನು "ಎ ಮಾಡಿಸಿಕೊಡ್ತೀವಿ" ಎಂದರೆ, ಮಾಡಿಸಿದ ಮೇಲೆ ಬರುತ್ತೇವೆ ಎಂದು ಹೇಳಿ. ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಮಾರುತ್ತೇವೆ ಎಂದರೆ ಎದ್ದು ಬನ್ನಿ. ಜಿಪಿಎ ಮೂಲಕ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಓಸಿ ವಿಷಯದಲ್ಲಿ ಇನ್ನೊಂದು ಮಾತು. ಓಸಿ ಇಲ್ಲದ ಕಟ್ಟಡಕ್ಕೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಆದೇಶಿಸಿದ ಮೇಲೆ ಇದು ಹೆಸರಿಗಿರುವ ಕಾಗದವಾಗಿ ಉಳಿದಿಲ್ಲ.

ಕಟ್ಟುತ್ತಿರುವ ಫ್ಲಾಟ್ ಆದರೆ ಕರ್ನಾಟಕ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿ ನೋಡಿ. ಮುಗಿಸುವುದಾಗಿ ಕೊಟ್ಟ ತಾರೀಕು, ನಕ್ಷೆ, ಮೂರು ತಿಂಗಳಿಗೊಮ್ಮೆ ಹಾಕುವ ಪ್ರಗತಿ, ದೂರುಗಳು ಎಲ್ಲ ಅಲ್ಲಿರುತ್ತವೆ. ರೇರಾ ಕಾಯ್ದೆಯಡಿ ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಸೈಟು ಅಥವಾ ಸ್ವತಂತ್ರ ಮನೆ ನೋಡುವವರು ದಿಶಾಂಕ್ ಎಂಬ ಸರ್ಕಾರಿ ಭೂನಕ್ಷೆಯ ಆ್ಯಪ್ ಇಟ್ಟುಕೊಂಡು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಬೇಕು. ರಾಜಕಾಲುವೆ, ಕೆರೆ, ಖರಾಬು (ಸಾಗುವಳಿಗೆ ಬಾರದ್ದೆಂದು ದಾಖಲಾದ ಜಾಗ) ಪಕ್ಕದಲ್ಲಿದ್ದರೆ ಅಲ್ಲೇ ತಿಳಿಯುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನೇ, ಅಂಥ ಜಮೀನಿನ ಮಾರಾಟ ತಡೆಯುವ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಕೀಲರನ್ನು ಕೇಳಲು ಮರೆಯಬೇಡಿ. ವಕೀಲರು ನಿಮ್ಮವರೇ ಆಗಿರಲಿ. ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣದ ಭದ್ರತೆಯನ್ನು.

ನಾಲ್ಕು: ಫೋನಿನಲ್ಲೇ ಜರಡಿ ಹಿಡಿಯುವುದು

ಹೊಸ ಪಟ್ಟಿ ಬಂದ ಮೇಲೆ ಬ್ರೋಕರ್ ಫೋನ್ ಮಾಡಿದರೆ ಐದೇ ಪ್ರಶ್ನೆ: ನಿಲ್ದಾಣದಿಂದ ನಡೆದರೆ ಎಷ್ಟು ನಿಮಿಷ, ಎಷ್ಟನೇ ಮಹಡಿ, ಕಾವೇರಿ ಸಂಪರ್ಕ ಅಪಾರ್ಟ್‌ಮೆಂಟಿನೊಳಗೆ ಬಂದಿದೆಯೇ, ಓಸಿ ಮತ್ತು ಇ-ಖಾತಾ ಇದೆಯೇ, ಕಾರ್ಪೆಟ್ ಏರಿಯಾ, ಅಂದರೆ ಮನೆಯ ಗೋಡೆಗಳೊಳಗೆ ಬಳಸಲು ಸಿಗುವ ಜಾಗ, ಎಷ್ಟು. ಕೊನೆಯದನ್ನು ಒತ್ತಿ ಕೇಳಿ. 1,200 ಚದರಡಿ ಎನ್ನುವುದು ಸಾಮಾನ್ಯವಾಗಿ ಸೂಪರ್ ಬಿಲ್ಟಪ್. ಮೆಟ್ಟಿಲು, ಕಾರಿಡಾರು, ಲಿಫ್ಟಿನ ಪಾಲೆಲ್ಲ ಅದರಲ್ಲಿ ಸೇರಿರುತ್ತದೆ. ನಾವು ನೋಡಿದ ಅಂಥ ಒಂದು ಮನೆಯ ಕಾರ್ಪೆಟ್ 850 ಇತ್ತು. ಎರಡು ಮನೆ ಹೋಲಿಸುವಾಗ ಬೆಲೆಯನ್ನು ಕಾರ್ಪೆಟ್ ಏರಿಯಾದಿಂದಲೇ ಭಾಗಿಸಿ.

ಇಷ್ಟು ಕೇಳಿದಾಗ ಅರವತ್ತಕ್ಕೂ ಹೆಚ್ಚು ಮನೆಗಳು ಫೋನಿನಲ್ಲೇ ಹೋದವು. ಕಾಲಿಟ್ಟು ನೋಡಿದ್ದು ಒಂಬತ್ತು. ಊರಿನಲ್ಲಿ ಇಲ್ಲದವರಿಗೆ, ಪುಣೆಯಲ್ಲೋ ದುಬೈಯಲ್ಲೋ ಕೂತು ತಮ್ಮನ ಕೈಲಿ ಮನೆ ನೋಡಿಸುವವರಿಗೆ, ಈ ಐದು ಪ್ರಶ್ನೆ ಇನ್ನೂ ಮುಖ್ಯ. "ಚೆನ್ನಾಗಿರೋದು ನೋಡು" ಎಂದರೆ ತಮ್ಮ ತನಗೆ ಚೆನ್ನಾಗಿ ಕಂಡದ್ದನ್ನು ನೋಡುತ್ತಾನೆ.

ಐದು: ಬದಲಾಯಿಸಲಾಗದ್ದನ್ನು ನೋಡುವುದು

ಮನೆಯೊಳಗೆ ಹೋದಾಗ ಕಣ್ಣು ಹೋಗುವುದು ಟೈಲ್ಸ್, ಬೀರು, ಲೈಟುಗಳ ಮೇಲೆ. ಅವೆಲ್ಲ ಹಣ ಕೊಟ್ಟರೆ ಬದಲಾಗುತ್ತವೆ. ಹಣ ಕೊಟ್ಟರೂ ಬದಲಾಗದ್ದನ್ನು ನೋಡಲು ಹೋಗಿದ್ದೇವೆ ಎಂದು ಪ್ರತಿ ಸಲವೂ ನಮಗೆ ನಾವೇ ಹೇಳಿಕೊಳ್ಳಬೇಕಾಗುತ್ತಿತ್ತು.

ನೀರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ದಿನಕ್ಕೆ ಗಂಟೆಲೆಕ್ಕದಲ್ಲಿ ನೀರು ಬಿಟ್ಟದ್ದನ್ನು ಯಾರೂ ಮರೆತಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್. ಆದರೆ ರಸ್ತೆಯಲ್ಲಿ ಪೈಪು ಹೋಗಿರುವುದು ಬೇರೆ, ಅಪಾರ್ಟ್‌ಮೆಂಟು ಹಣ ಕಟ್ಟಿ ಸಂಪರ್ಕ ತೆಗೆದುಕೊಂಡಿರುವುದು ಬೇರೆ, ಸಂಪರ್ಕದಲ್ಲಿ ಸಂಪು ತುಂಬುವಷ್ಟು ನೀರು ಬರುವುದು ಬೇರೆ. ಮೂರನ್ನೂ ಕೇಳಬೇಕು. ಜಲಮಂಡಳಿಯ ಬಿಲ್ ತೋರಿಸಿ ಎಂದರೆ ಮೊದಲ ಎರಡಕ್ಕೆ ಉತ್ತರ ಸಿಗುತ್ತದೆ. ಮೂರನೆಯದಕ್ಕೆ ಉತ್ತರ ಇರುವುದು ಗೇಟಿನಲ್ಲಿ ಕೂತ ಕಾವಲುಗಾರರ ಹತ್ತಿರ.

ವಾಜರಹಳ್ಳಿಯ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ ಬಹಳ ಹಿಡಿಸಿತ್ತು. ಮಾರುವವರು "ಟ್ಯಾಂಕರ್ ಯಾವಾಗ್ಲೋ ಒಮ್ಮೆ" ಎಂದಿದ್ದರು. ಹೊರಗೆ ಬಂದು ಕಾವಲಿನವರ ಹತ್ತಿರ ಯಜಮಾನರು ಮಾತಿಗಿಳಿದರು. "ಅಣ್ಣಾ, ಬೇಸಿಗೇಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತೆ?" ಅವರು ರಿಜಿಸ್ಟರನ್ನೇ ತಿರುವಿ ತೋರಿಸಿದರು. ಏಪ್ರಿಲ್ ಪುಟದಲ್ಲಿ ದಿನಕ್ಕೆ ಐದು, ಆರು. ಪ್ರತಿಯೊಂದರ ಮುಂದೆ ಗಾಡಿ ನಂಬರು, ಹೊತ್ತು, ಡ್ರೈವರ್ ಸಹಿ. ರಾತ್ರಿ ಎರಡು ಗಂಟೆಗೂ ಒಂದು ಬಂದಿತ್ತು. ಆ ನೀಲಿ ಇಂಕಿನ ಪುಟ ನೋಡಿದ ಮೇಲೆ ಮನೆಯ ಬಗ್ಗೆ ನಾವು ಮಾತಾಡಲೇ ಇಲ್ಲ.

ಲೆಕ್ಕ ನೀವೇ ಹಾಕಬಹುದು. ತಲಾ 135 ಲೀಟರ್ ಎಂದರೆ ನಾಲ್ಕು ಜನರ ನೂರು ಮನೆಗೆ ದಿನಕ್ಕೆ 54 ಸಾವಿರ ಲೀಟರ್, 12 ಸಾವಿರ ಲೀಟರಿನ ನಾಲ್ಕೂವರೆ ಟ್ಯಾಂಕರ್. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗಿನ ಅಂಥ ಟ್ಯಾಂಕರಿಗೆ ಸಾವಿರ ರೂಪಾಯಿ ಗೊತ್ತುಮಾಡಿತ್ತು. ಆ ದರದಲ್ಲೇ ಆದರೂ ಪೂರ್ತಿ ಟ್ಯಾಂಕರ್ ನೀರಿನಲ್ಲಿ ಬದುಕುವ ಮನೆಗೆ ತಿಂಗಳಿಗೆ 1,350 ರೂಪಾಯಿ ನೀರಿಗೇ ಹೋಗುತ್ತದೆ.

ಮಳೆನೀರು ಇನ್ನೊಂದು ದಿಕ್ಕು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದಿದ್ದರು. ಜೋರು ಮಳೆ ಬಂದ ಸಂಜೆ, ಮಳೆ ನಿಂತ ಅರ್ಧ ಗಂಟೆಗೆ, ನಿಮಗಿಷ್ಟವಾದ ಮನೆಯ ಬೇಸ್‌ಮೆಂಟ್ ಮತ್ತು ಮುಂದಿನ ರಸ್ತೆಯನ್ನು ನೋಡಿ ಬನ್ನಿ. ಬೇಸ್‌ಮೆಂಟ್ ಗೋಡೆಯ ಬುಡದಲ್ಲಿ ಕೆಸರಿನ ಗೆರೆ ಇದ್ದರೆ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಅದೇ ಹೇಳುತ್ತದೆ.

ಒಂದೇ ಮನೆಯನ್ನು ಮೂರು ಹೊತ್ತಿನಲ್ಲಿ ನೋಡಬೇಕು: ಬೆಳಗ್ಗೆ 11ಕ್ಕೆ ಬೆಳಕಿಗಾಗಿ, ಮಧ್ಯಾಹ್ನ 3ರ ಮೇಲೆ ಪಶ್ಚಿಮದ ಗೋಡೆ ಮುಟ್ಟಿ ನೋಡಲು, ರಾತ್ರಿ 9ಕ್ಕೆ ಶಬ್ದಕ್ಕಾಗಿ. ನಿಲ್ದಾಣದಿಂದ ಸಂಜೆ ಚೀಲ ಹೊತ್ತುಕೊಂಡು ನಡೆದು ನೋಡಿ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಕ್ಷೆಯ 12 ನಿಮಿಷ ನಮಗೆ 19 ಆಯಿತು. ಅಸೋಸಿಯೇಷನ್ ಖಾತೆಯಲ್ಲಿ ಎಷ್ಟು ಹಣವಿದೆ, ಯಾರ ಮೇಲಾದರೂ ಕೇಸು ಇದೆಯೇ ಎಂದು ಕೇಳಿ. ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಚದರಡಿ ಎಂಬುದನ್ನು ಕ್ರಯಪತ್ರದಲ್ಲೇ ಓದಿ. ಗೋಡೆಯ ಬಣ್ಣ, ನಲ್ಲಿ, ಅಡುಗೆಮನೆಯ ಕಟ್ಟೆ, ಇವುಗಳ ಬಗ್ಗೆ ಒಂದು ನಿಮಿಷವೂ ಖರ್ಚು ಮಾಡಬೇಡಿ.

ಪ್ರತಿ ಮನೆಯಿಂದ ಹೊರಬಿದ್ದ ಕೂಡಲೇ, ಕಾರಿನಲ್ಲಿ ಕೂತೇ, ನಾಲ್ಕು "ಬಿಡಲಾಗದ್ದು" ಎದುರು ಹೌದು, ಇಲ್ಲ ಬರೆದು, ಮನೆಗೊಂದು ಅಡ್ಡಹೆಸರು ಇಡುತ್ತಿದ್ದೆವು. "ಬಾದಾಮಿ ಮರದ ಮನೆ", "ಕುಕ್ಕರ್ ಸೀಟಿಯ ಮನೆ". ಆಮೇಲೆ ಯಾವ ಮನೆಯೂ ಮರೆಯಲಿಲ್ಲ.

ಆರು: ನಾಲ್ಕೂ ಒಂದೇ ಮನೆಯಲ್ಲಿ ಸಿಗದಿದ್ದರೆ

ಎಂಟು ಮನೆ ನೋಡಿದರೂ ಒಂದೂ ಹೊಂದದಿದ್ದರೆ ಪಟ್ಟಿಯನ್ನೇ ಮತ್ತೆ ನೆಲದ ಮೇಲೆ ಹರಡಬೇಕು, ಬೀಜ ಮತ್ತೆ ಹಂಚಬೇಕು. ಒಂದು ಮನೆ ಹಿಡಿಸಿತು ಎಂದು ಅದಕ್ಕೆ ತಕ್ಕಂತೆ ಪಟ್ಟಿ ತಿದ್ದಬಾರದು. ತಿದ್ದುವುದಾದರೆ ಯಾವ ಮನೆಯೂ ಕಣ್ಣೆದುರು ಇಲ್ಲದ ವಾರದಲ್ಲಿ ತಿದ್ದಿ.

ನಮಗೆ ಕೊನೆಗೆ ಸಿಕ್ಕಿದ್ದು ದೊಡ್ಡಕಲ್ಲಸಂದ್ರ ನಿಲ್ದಾಣಕ್ಕೆ 14 ನಿಮಿಷದ ನಡಿಗೆಯಲ್ಲಿ, ಒಂಬತ್ತು ವರ್ಷ ಹಳೆಯ ಕಟ್ಟಡದ ಮೊದಲನೇ ಮಹಡಿ, ಎರಡು ರೂಮು, ಕಾರ್ಪೆಟ್ 830. ಬಾಗಿಲು ಉತ್ತರಕ್ಕೆ, ದೇವರ ಮನೆ ಪೂರ್ವಕ್ಕೆ. ಕಾರಿಗೆ ನೆರಳಿಲ್ಲ. ಊಟದ ಮೇಜಿನ ಜಾಗಕ್ಕೆ ಮರದ ತಡೆಗೋಡೆ ಕಟ್ಟಿಸಿ ಬಾಗಿಲಿಟ್ಟು ಮಗಳಿಗೆ ಕೊಟ್ಟೆವು. ನಾವೀಗ ಅಡುಗೆಮನೆಯಲ್ಲೇ ಊಟ ಮಾಡುತ್ತೇವೆ.

ಏಳು: ಟೋಕನ್

ಇದಕ್ಕೂ ಮೊದಲು ಇನ್ನೊಂದು ಮನೆಗೆ ನಾವು ಒಂದು ಲಕ್ಷ ಟೋಕನ್ ಕೊಟ್ಟಿದ್ದೆವು, ಓಸಿ "ಮುಂದಿನ ವಾರ ಬರುತ್ತೆ" ಎಂಬ ಮಾತಿನ ಮೇಲೆ. ಓಸಿ ಬರಲಿಲ್ಲ, ಬ್ಯಾಂಕ್ ಒಪ್ಪಲಿಲ್ಲ, ಹಣ ವಾಪಸ್ ಬರಲು ಐದು ತಿಂಗಳು ಹಿಡಿಯಿತು. ರಸೀದಿಯಲ್ಲಿ ಮೊತ್ತ, ತಾರೀಕು ಬಿಟ್ಟು ಏನೂ ಬರೆದಿರಲಿಲ್ಲ.

ಎರಡನೇ ಸಲ ಬರೆಸಿಕೊಂಡದ್ದು ಹೀಗೆ: "ಈ ಮನೆಯ ಪೂರ್ಣ ಬೆಲೆ ಇಷ್ಟು, ಇದರಲ್ಲಿ ಪಾರ್ಕಿಂಗ್ ಸೇರಿದೆ. ಈ ದಿನ ಟೋಕನ್ ಆಗಿ ಇಷ್ಟು ಪಡೆದಿದ್ದೇನೆ. ಇಂದಿನಿಂದ 30 ದಿನ ಬೇರೆಯವರಿಗೆ ಮಾರುವುದಿಲ್ಲ. ಕೊಳ್ಳುವವರ ವಕೀಲರು ಅಥವಾ ಬ್ಯಾಂಕ್ ಕಾಗದಪತ್ರದಲ್ಲಿ ಕೊರತೆ ಕಂಡರೆ ಏಳು ದಿನದೊಳಗೆ ಪೂರ್ತಿ ಹಣ ಮರಳಿಸುತ್ತೇನೆ. ಅಸೋಸಿಯೇಷನ್, ತೆರಿಗೆ, ವಿದ್ಯುತ್ ಬಾಕಿ ನನ್ನ ಹೊಣೆ." ಎರಡು ಪ್ರತಿ, ಎರಡೂ ಕಡೆಯವರ ಸಹಿ, ಇಬ್ಬರು ಸಾಕ್ಷಿ. ಹಣ ಬ್ಯಾಂಕ್ ಮೂಲಕವೇ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚು ನಗದು ಪಡೆಯುವಂತಿಲ್ಲ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಹಿಡಿದು ನೀವೇ ಕಟ್ಟಬೇಕು ಎಂಬುದನ್ನೂ ಅವತ್ತೇ ಹೇಳಿಬಿಡಿ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ದರ ಬೇರೆ, ಬಹಳ ಹೆಚ್ಚು. ಟೋಕನ್ ಕೊಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ.